ಏರಿದವನು, ಏರಿಸಿದವರು

ಜುಲೈ ತಿಂಗಳ ಒಂದು ಮಧ್ಯಾಹ್ನ ಕಾರವಾರದ ಬೈತಖೋಲ ಬಂದರಿನ ಕಡೆಯಿಂದ ಒಬ್ಬ ತಾಯಿ ತಮ್ಮ ಹತ್ತೊಂಬತ್ತು ವರ್ಷದ ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಮಳೆ ತಾಗದಂತೆ ಸುತ್ತಿಟ್ಟ ಆರು ಪುಟಗಳ ಇಂಗ್ಲಿಷ್ ಕರಾರುಪತ್ರ. ಹುಡುಗ ಮೀನುಗಾರಿಕೆ ದೋಣಿಗಳಿಗೆ ಬಣ್ಣ ಹೊಡೆದು ಹೆಸರು ಬರೆಯುವವನು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ದೋಣಿಗಳು ದಡದಲ್ಲಿ ನಿಲ್ಲುವ ಆ ಎರಡು ತಿಂಗಳೇ ಇವನಿಗೆ ಸುಗ್ಗಿ. ಒಂದು ದೋಣಿಗೆ ದೇವಿಯ ಹೆಸರು, ಪಕ್ಕದ್ದಕ್ಕೆ ಮೇರಿಮಾತೆಯದು, ಅದರಾಚೆಯದಕ್ಕೆ ಪೀರ್ ಸಾಹೇಬರದು. ಎಲ್ಲಕ್ಕೂ ಅದೇ ಕೈ, ಅದೇ ಬ್ರಷ್ಷು.

ಹೆಸರು ಬರೆದು ಉಳಿದ ಬಣ್ಣದಲ್ಲಿ ಅವನು ಬಂದರಿನ ಮೀನಿನ ಶೆಡ್ಡುಗಳ ಗೋಡೆಗಳ ಮೇಲೆ ಚಿತ್ರ ಬಿಡಿಸುತ್ತಿದ್ದ. ಮೀನು ಕೊಯ್ಯುವ ಹೆಂಗಸರು, ಬಲೆಗೆ ತೇಪೆ ಹಾಕುವ ಮುದುಕರು, ಮಂಜುಗಡ್ಡೆ ಹೊರುವ ಹುಡುಗರು. ಯಾರೋ ಪ್ರವಾಸಿ ಫೋಟೋ ತೆಗೆದ, ಅದು ಮೊಬೈಲಿನಿಂದ ಮೊಬೈಲಿಗೆ ಹಾರಿತು. ನಾಲ್ಕು ತಿಂಗಳಲ್ಲಿ ದೊಡ್ಡ ನಗರವೊಂದರ ಗ್ಯಾಲರಿಯವರು ಮನೆ ಬಾಗಿಲಿಗೆ ಬಂದರು. ಐದು ವರ್ಷ ತಿಂಗಳಿಗಿಷ್ಟು ಸಂಬಳ, ಇರಲು ಕೋಣೆ, ಬಿಡಿಸಿದ್ದೆಲ್ಲ ಅವರದು. ಆ ಸಂಬಳದ ಮೊತ್ತ ಮನೆಯವರು ಕನಸಿನಲ್ಲೂ ಕಂಡಿರದಷ್ಟಿತ್ತು.

ತಾಯಿಗೆ ಇಂಗ್ಲಿಷ್ ಬಾರದು, ಆದರೆ ಮಗನ ಹೆಸರಿನ ಅಕ್ಷರಗಳು ಗೊತ್ತು. ಪುಟ ಪುಟದಲ್ಲೂ ಅದರ ಮೇಲೆ ಬೆರಳಿಟ್ಟು ಎಣಿಸಿಟ್ಟಿದ್ದರು. "ಭಾಯ್ ಸಾಹೇಬ್, ಅವರಿಗೆ ಬೇಕಾದದ್ದು ಚಿತ್ರ ಅಲ್ಲವೇ? ಹಾಗಿದ್ದರೆ ಇದರಲ್ಲಿ ಇವನ ಹೆಸರು ಇಪ್ಪತ್ಮೂರು ಸಲ ಯಾಕೆ ಬಂದಿದೆ?" ಎಂದು ಕೇಳಿದರು.

ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಆ ಪ್ರಶ್ನೆಯ ಸುತ್ತಲೇ ತಿರುಗುತ್ತಿದ್ದೇವೆ.

ಬೀದಿಯ ಗೋಡೆಯಿಂದ ಗ್ಯಾಲರಿಯ ಗೋಡೆಗೆ ಒಂದೇ ನೆಗೆತದಲ್ಲಿ ಹಾರಿದ ತರುಣ ಕಲಾವಿದರ ಮಾತು ಬಂದಾಗಲೆಲ್ಲ ಜಗತ್ತು ಹೇಳುವ ಹೆಸರು ಜೀನ್ ಮಿಷೆಲ್ ಬಾಸ್ಕಿಯಾ. 1960ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಕರಿಯ ಹುಡುಗ. ತಂದೆ ಹೈಟಿ ದೇಶದವರು, ತಾಯಿ ಪೋರ್ಟೊರಿಕೋ ಮೂಲದವರು. 1978ರ ಸುಮಾರಿಗೆ ಗೆಳೆಯನೊಬ್ಬನೊಡನೆ ಸೇರಿ ಮ್ಯಾನ್‌ಹಟನ್ನಿನ ಗೋಡೆಗಳ ಮೇಲೆ 'ಸೇಮೋ' ಎಂಬ ಗುಪ್ತನಾಮದಲ್ಲಿ ಚುಚ್ಚುಮಾತುಗಳನ್ನು ಬರೆಯುತ್ತಿದ್ದ. 1980ರಲ್ಲಿ ಮೊದಲ ಸಾಮೂಹಿಕ ಪ್ರದರ್ಶನ, 1981ರಲ್ಲಿ ಪ್ರಮುಖ ಕಲಾಪತ್ರಿಕೆಯೊಂದರಲ್ಲಿ ಅವನನ್ನು ಕೊಂಡಾಡುವ ಲೇಖನ. 1982ರಲ್ಲಿ ಜರ್ಮನಿಯ ಪ್ರತಿಷ್ಠಿತ 'ಡಾಕ್ಯುಮೆಂಟಾ' ಪ್ರದರ್ಶನದಲ್ಲಿ ಅವನ ಚಿತ್ರಗಳು ತೂಗಿದಾಗ ವಯಸ್ಸು ಇಪ್ಪತ್ತೊಂದು. 1988ರ ಆಗಸ್ಟ್ 12ರಂದು ಹೆರಾಯಿನ್ ಅತಿಯಾಗಿ ತೀರಿಕೊಂಡಾಗ ಇಪ್ಪತ್ತೇಳು. 1984ರಲ್ಲಿ 19 ಸಾವಿರ ಡಾಲರಿಗೆ ಮಾರಾಟವಾಗಿದ್ದ ಅವನ ಒಂದು ತಲೆಬುರುಡೆಯ ಚಿತ್ರವನ್ನು 2017ರ ಹರಾಜಿನಲ್ಲಿ ಜಪಾನಿನ ಶ್ರೀಮಂತರೊಬ್ಬರು 11 ಕೋಟಿ 5 ಲಕ್ಷ ಡಾಲರಿಗೆ ಕೊಂಡರು. ಆಗಿನ ಲೆಕ್ಕದಲ್ಲಿ 700 ಕೋಟಿ ರೂಪಾಯಿಗೂ ಹೆಚ್ಚು.

ಇದನ್ನು ಹೇಳುವವರು ಸಾಮಾನ್ಯವಾಗಿ ಒಂದು ತೀರ್ಪನ್ನೂ ಜತೆಗೆ ಕೊಡುತ್ತಾರೆ: ಪಾಪ, ಕೀರ್ತಿಯನ್ನು ಅರಗಿಸಿಕೊಳ್ಳಲಾಗಲಿಲ್ಲ. ನಾವೂ ಬಹುಕಾಲ ಹಾಗೆಯೇ ನಂಬಿದ್ದೆವು. ಈಗ ಆ ತೀರ್ಪು ತೀರ ಅಗ್ಗದ್ದೆಂದು ತೋರುತ್ತದೆ. ಬಡಿಸಿದವರು ಯಾರು, ಎಷ್ಟು ಬಡಿಸಿದರು, ಯಾತಕ್ಕೆ ಬಡಿಸಿದರು ಎಂದು ಕೇಳದೆ ಉಂಡವನ ಜಠರವನ್ನು ಮಾತ್ರ ಹಳಿಯುವುದು ನ್ಯಾಯವೇ? ಕನ್ನಡದಲ್ಲಿ 'ಏರು' ಬೇರೆ, 'ಏರಿಸು' ಬೇರೆ. ಇಂಥ ಕಥೆಗಳಲ್ಲಿ ನಾವು ಮೊದಲನೆಯದನ್ನೇ ಬಳಸುತ್ತೇವೆ. ಹುಡುಗ ಏರಿದ, ಹುಡುಗ ಬಿದ್ದ. ಏರಿಸಿದವರು ಆ ವಾಕ್ಯದಲ್ಲೆಲ್ಲೂ ಇರುವುದಿಲ್ಲ.

ಬಾಸ್ಕಿಯಾನ ಬದುಕಿನ ಒಂದು ವಿವರ ಇಲ್ಲಿ ಮುಖ್ಯ. ಅವನನ್ನು ಬೀದಿಯ ಪಾಲಾಗಿದ್ದ ಅನಾಥನೆಂಬಂತೆ ಮಾರುಕಟ್ಟೆಗೆ ಪರಿಚಯಿಸಲಾಯಿತು. ನಿಜದಲ್ಲಿ ತಂದೆ ಲೆಕ್ಕಪತ್ರ ನೋಡುವ ವೃತ್ತಿಯವರು, ಸ್ಥಿತಿವಂತರು. ತಾಯಿ ಚಿಕ್ಕಂದಿನಲ್ಲೇ ಅವನ ಕೈಹಿಡಿದು ವಸ್ತುಸಂಗ್ರಹಾಲಯಗಳಿಗೆ ಕರೆದೊಯ್ದವರು. ಹದಿಹರೆಯದಲ್ಲಿ ಮನೆ ಬಿಟ್ಟು ಕೆಲಕಾಲ ಸಿಕ್ಕಸಿಕ್ಕಲ್ಲಿ ಮಲಗಿದ್ದು ಹೌದು. ಆದರೆ ಓದಿ, ನೋಡಿ, ಯೋಚಿಸಿ ಬರೆಯುತ್ತಿದ್ದ ಹುಡುಗ ಅವನು. ಅದು ಯಾರಿಗೂ ಬೇಕಿರಲಿಲ್ಲ. ಕಾಡಿನಿಂದ ಹಿಡಿದು ತಂದಂಥ ಪ್ರತಿಭೆ ಬೇಕಿತ್ತು. ಮೊದಲ ಗ್ಯಾಲರಿಯೊಡತಿ ತಮ್ಮ ಕಟ್ಟಡದ ನೆಲಮಾಳಿಗೆಯನ್ನೇ ಅವನಿಗೆ ಚಿತ್ರ ಬಿಡಿಸಲು ಕೊಟ್ಟರು. ಅವನನ್ನು ಅಲ್ಲಿ ಕೂಡಿಹಾಕಿ ದುಡಿಸುತ್ತಾರಂತೆ ಎಂಬ ವದಂತಿ ರೋಚಕವಾಗಿ ಹಬ್ಬಿತು. ತಾನು ಬಿಳಿಯನಾಗಿದ್ದರೆ ಇದನ್ನೇ ಗೌರವದ ಬೇರೆ ಹೆಸರಿನಿಂದ ಕರೆಯುತ್ತಿದ್ದರು ಎಂಬರ್ಥದ ಮಾತನ್ನು ಅವನೇ ಒಂದು ಸಂದರ್ಶನದಲ್ಲಿ ಆಡಿದ್ದ.

1985ರ ಫೆಬ್ರವರಿಯಲ್ಲಿ 'ನ್ಯೂಯಾರ್ಕ್ ಟೈಮ್ಸ್' ತನ್ನ ವಾರದ ಪುರವಣಿಯ ಮುಖಪುಟದಲ್ಲಿ ಅವನ ಫೋಟೋ ಹಾಕಿತು. ಮೈಮೇಲೆ ಬೆಲೆಬಾಳುವ ಸೂಟು, ಕೈಯಲ್ಲಿ ಬ್ರಷ್ಷು, ಕಾಲು ಬರಿಗಾಲು. ಒಳಗಿನ ಲೇಖನದ ವಿಷಯವಾದರೂ ಅವನ ರೇಖೆಗಳಲ್ಲ, ಒಬ್ಬ ಕಲಾವಿದನನ್ನು ಹೇಗೆ ಮಾರಲಾಗುತ್ತಿದೆ ಎಂಬುದು.

ಈ ಬರಿಗಾಲನ್ನು ನೋಡಿದಾಗ ನಮಗೆ ಅಂಕೋಲೆ ನೆನಪಾಗುತ್ತದೆ. 2021ರ ನವೆಂಬರಿನಲ್ಲಿ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ಬರಿಗಾಲಲ್ಲಿ ನಡೆದು ಹೋಗಿ ಪದ್ಮಶ್ರೀ ಸ್ವೀಕರಿಸಿದರು. ದೇಶಕ್ಕೆ ದೇಶವೇ ಆ ಫೋಟೋ ನೋಡಿ ಕಣ್ಣೊರೆಸಿಕೊಂಡಿತು. ಹಾಲಕ್ಕಿ ಹೆಂಗಸು ತನ್ನ ಉಡುಗೆಯಲ್ಲಿ, ತನ್ನ ಕಾಲಲ್ಲಿ ನಡೆದರು. ಅದು ಅವರ ಘನತೆ. ಆದರೆ ಆ ವಾರ ಎಲ್ಲ ಪತ್ರಿಕೆಗಳೂ ಬರೆದದ್ದು ಕಾಲಿನ ಬಗ್ಗೆ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದಿನಗೂಲಿಯಾಗಿ ದುಡಿದ ಆ ಜೀವ ತಾಯಿಮರವನ್ನು ಹೇಗೆ ಗುರುತಿಸುತ್ತಿತ್ತು, ಯಾವ ಬೀಜವನ್ನು ಯಾವ ಹೊತ್ತಿನಲ್ಲಿ ಆಯುತ್ತಿತ್ತು ಎಂದು ಕೂತು ಕೇಳಿ ಬರೆದವರು ಕಡಿಮೆ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗಲೂ ಮರಳಿ ಬಂದದ್ದು ಅದೇ ಫೋಟೋ. ಅದೇ ತಾಲ್ಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡರದೂ ಹೆಚ್ಚು ಕಡಿಮೆ ಇದೇ ಕಥೆ. 2017ರಲ್ಲಿ ಪದ್ಮಶ್ರೀ ಬಂತು, ಕೊರಳ ತುಂಬ ಮಣಿಸರದ ಅವರ ಚಿತ್ರ ಊರೂರ ಬ್ಯಾನರುಗಳನ್ನೇರಿತು, 2025ರ ಫೆಬ್ರವರಿಯಲ್ಲಿ ಅವರೂ ಹೋದರು. ಮಣಿಸರ ಎಲ್ಲರಿಗೂ ನೆನಪಿದೆ. ಅವರ ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದವರೆಷ್ಟು ಮಂದಿ?

ಬರಿಗಾಲಿನ ಇನ್ನೊಬ್ಬರು ಎಂ.ಎಫ್. ಹುಸೇನ್. 1930ರ ದಶಕದಲ್ಲಿ ಮುಂಬಯಿಯ ಬೀದಿಗಳಲ್ಲಿ ಏಣಿ ಹತ್ತಿ ಸಿನಿಮಾ ಹೋರ್ಡಿಂಗುಗಳಿಗೆ ಬಣ್ಣ ಹಚ್ಚುತ್ತಿದ್ದವರು. ಅವರ ಚಿತ್ರ ಬಾಂಬೆ ಆರ್ಟ್ ಸೊಸೈಟಿಯ ಪ್ರದರ್ಶನದಲ್ಲಿ ಗಮನ ಸೆಳೆದದ್ದು 1947ರಲ್ಲಿ. ಆಗ ವಯಸ್ಸು ಮೂವತ್ತು ದಾಟಿತ್ತು, ಮದುವೆಯಾಗಿತ್ತು. ಮುಂದೆ ಮುಂಬಯಿಯ ವಿಲಿಂಗ್‌ಡನ್ ಕ್ಲಬ್ಬು ಬರಿಗಾಲೆಂಬ ಕಾರಣಕ್ಕೆ ಅವರನ್ನು ಹೊರಗೆ ಕಳಿಸಿದ್ದು ದೊಡ್ಡ ಸುದ್ದಿಯಾಯಿತು. ಮುಖಪುಟದಲ್ಲಾದರೆ ಬರಿಗಾಲು ಬೇಕು, ಊಟದ ಮೇಜಿನ ಬಳಿ ಬೇಡ! ಹುಸೇನರ ಕೊನೆಯ ವರ್ಷಗಳ ಗಡೀಪಾರಿನಂಥ ಬದುಕಿನ ಮಾತು ಇಲ್ಲಿ ಬೇಡ, ಅದು ಬೇರೆಯೇ ನೋವು. ಇಲ್ಲಿ ನಮಗೆ ಮುಖ್ಯವಾದದ್ದು ಅವರ ಏರಿಕೆಯ ಗತಿ. ಹೋರ್ಡಿಂಗಿನ ಏಣಿಯನ್ನು ಅವರು ಮೆಟ್ಟಿಲು ಮೆಟ್ಟಿಲಾಗಿ ಹತ್ತಿದರು. ಬೀಳುವ ಹೊತ್ತಿಗೆ ಹಿಡಿದುಕೊಳ್ಳಲು ಸಂಸಾರವಿತ್ತು, ಜಗಳವಾಡಲು ತಮ್ಮಂಥದ್ದೇ ಹೊಟ್ಟೆಹಸಿವಿನ ಕಲಾವಿದ ಗೆಳೆಯರಿದ್ದರು.

ನಮ್ಮ ರಾಜ್ಯದಲ್ಲೇ ನೋಡುವುದಾದರೆ ಯೂಸುಫ್ ಅರಕ್ಕಲ್ ಇದ್ದರು. ಕೇರಳದ ಚಾವಕ್ಕಾಡಿನಲ್ಲಿ 1945ರಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಮನೆಬಿಟ್ಟು ಬೆಂಗಳೂರಿಗೆ ಓಡಿಬಂದ ಹುಡುಗ. ಎಚ್‌ಎಎಲ್ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡುತ್ತಲೇ ಚಿತ್ರಕಲಾ ಪರಿಷತ್ತಿನಲ್ಲಿ ಕಲಿತರು, ಆಮೇಲೆ ನೌಕರಿ ಬಿಟ್ಟು ಪೂರ್ತಿ ಕಲೆಗೆ ನಿಂತರು. ಫುಟ್‌ಪಾತಿನ ಒಂಟಿ ಮನುಷ್ಯರು ಅವರ ಕ್ಯಾನ್ವಾಸಿನಲ್ಲಿ ಮತ್ತೆ ಮತ್ತೆ ಬಂದು ಕೂರುತ್ತಾರೆ. ಫ್ಲಾರೆನ್ಸಿನ ದ್ವೈವಾರ್ಷಿಕ ಪ್ರದರ್ಶನದ ಚಿನ್ನದ ಪದಕ ಅವರಿಗೆ ಸಿಕ್ಕಿದ್ದು 2005ರಲ್ಲಿ, ಅರವತ್ತನೆಯ ವಯಸ್ಸಿನಲ್ಲಿ. 2016ರಲ್ಲಿ ಅವರು ಬೆಂಗಳೂರಿನಲ್ಲೇ ತೀರಿಕೊಂಡರು. ಬೀದಿಯನ್ನು ಕಂಡವರು ಬೀದಿಯನ್ನು ಬಿಡಿಸಿದರು, ಆದರೆ ಅವರನ್ನೇ ಬೀದಿಯ ಹುಡುಗನೆಂದು ಮಾರಲು ಯಾರಿಗೂ ಅವಕಾಶ ಸಿಗಲಿಲ್ಲ. ಕಾರ್ಖಾನೆಯ ಸಂಬಳ ಕಲಾವಿದನಿಗೆ ಕೊಡುವ ಸ್ವಾತಂತ್ರ್ಯದ ಬಗ್ಗೆ ನಮ್ಮ ಕಲಾವಿಮರ್ಶಕರು ಹೆಚ್ಚು ಬರೆದಂತೆ ಕಾಣೆವು.

ನಿಧಾನವೇ ಪ್ರಧಾನ ಎಂದು ಇಲ್ಲಿಗೆ ಮುಗಿಸಿಬಿಡಬಹುದಿತ್ತು. ಕಾರವಾರದ ಕಡಲತಡಿಗೆ ಯಾರ ಹೆಸರಿಟ್ಟಿದ್ದೇವೋ ಆ ರವೀಂದ್ರನಾಥ ಟಾಗೋರರೇ ಸಾಕ್ಷಿಯಾಗುತ್ತಿದ್ದರು. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ 1883ರಲ್ಲಿ ಬಂದಾಗ ಅವರಿಗೆ ಇಪ್ಪತ್ತೆರಡು, ಪ್ಯಾರಿಸಿನಲ್ಲಿ ಅವರ ವರ್ಣಚಿತ್ರಗಳ ಮೊದಲ ಪ್ರದರ್ಶನ ನಡೆದಾಗ, 1930ರಲ್ಲಿ, ಅರವತ್ತೊಂಬತ್ತು. ಆದರೆ ಜಮೀನ್ದಾರರ ಮನೆಯ ಮಗನಿಗೆ ಕಾಯುವುದು ಸುಲಭ. ಮೀನು ಕೊಯ್ಯುವ ತಾಯಿಯ ಮಗನಿಗೆ ಅರವತ್ತೊಂಬತ್ತರವರೆಗೆ ಕಾಯಪ್ಪಾ ಎಂದು ಹೇಳಲು ನಮ್ಮ ನಾಲಿಗೆ ಏಳಲಿಲ್ಲ.

ಅಲ್ಲದೆ, ಕಾಯುತ್ತಾ ಎಲ್ಲಿ ಕೂರಬೇಕು? ಇಪ್ಪತ್ತೈದು ವರ್ಷದ ಹಿಂದೆ ಕಾರವಾರ, ಅಂಕೋಲಾ ಪೇಟೆಗಳಲ್ಲಿ ಬೋರ್ಡು ಬರೆಯುವ ಪೇಂಟರುಗಳಿಗೆ ಅಂಗಡಿಯ ಫಲಕದಿಂದ ಚುನಾವಣೆಯ ಗೋಡೆಬರಹದವರೆಗೆ ಕೈತುಂಬ ಕೆಲಸವಿತ್ತು. ಫ್ಲೆಕ್ಸ್ ಬಂದು ಆ ಕಸುಬನ್ನೇ ನುಂಗಿತು. ಅಕ್ಷರಕ್ಕೆ ನೆರಳು ಕೊಡುವುದನ್ನು ಉಸಿರಾಟದಷ್ಟು ಸಲೀಸಾಗಿ ಬಲ್ಲ ಕೈಗಳು ಮನೆಗಳಿಗೆ ಸುಣ್ಣಬಣ್ಣ ಬಳಿಯಲು ಹೋದವು. ಕಲೆ ಬೀದಿಯಲ್ಲೇ ಇರಲಿ, ಅಲ್ಲೇ ಅದಕ್ಕೆ ಪರಿಶುದ್ಧಿ ಎಂದು ಹೇಳುವವರು ಸಾಧಾರಣವಾಗಿ ತಿಂಗಳ ಒಂದನೇ ತಾರೀಕಿಗೆ ಪಗಾರ ಎಣಿಸುವವರೇ ಆಗಿರುತ್ತಾರೆ. ನಾವೂ ಅದಕ್ಕೆ ಹೊರತಲ್ಲ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಮೆ ಇಟ್ಟು ನಗರಾಡಳಿತವನ್ನು ಎಬ್ಬಿಸಿದ ಬಾದಲ್ ನಂಜುಂಡಸ್ವಾಮಿ ಅವರಂಥವರು ಬೀದಿಯನ್ನು ಆರಿಸಿಕೊಂಡರು. ಮೈಸೂರಿನ ಕಾವಾದಲ್ಲಿ ಕಲೆಯನ್ನು ಅಭ್ಯಾಸ ಮಾಡಿ ಬಂದ ಕಲಾವಿದರ ಆಯ್ಕೆ ಅದು. ಬೈತಖೋಲದ ಹುಡುಗನಿಗೆ ಬೀದಿಯೆಂಬುದು ಆಯ್ಕೆಯಲ್ಲ, ವಿಳಾಸ.

ಬೀದಿ ಎಷ್ಟು ನಿರ್ದಯವಾಗಬಲ್ಲದು ಎಂಬುದೂ ಬಾಸ್ಕಿಯಾನ ಕಾಲದ್ದೇ ಕಥೆ. 1983ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಸುರಂಗ ರೈಲು ನಿಲ್ದಾಣದ ಗೋಡೆಯ ಮೇಲೆ ಬರೆದನೆಂಬ ಆರೋಪದಲ್ಲಿ ಮೈಕೆಲ್ ಸ್ಟೀವರ್ಟ್ ಎಂಬ ಕರಿಯ ತರುಣನನ್ನು ಪೊಲೀಸರು ಹಿಡಿದರು. ಅವರ ವಶದಲ್ಲಿರುವಾಗಲೇ ಪ್ರಜ್ಞೆ ತಪ್ಪಿದ ಅವನು ಹದಿಮೂರು ದಿನಗಳ ನಂತರ ಆಸ್ಪತ್ರೆಯಲ್ಲಿ ಸತ್ತ. ಅದೇ ಊರು, ಅದೇ ಬಣ್ಣದ ಮೈ, ಗೋಡೆಯ ಮೇಲೆ ಅದೇ ಬರಹ. ಒಬ್ಬನಿಗೆ ಹೆಣದ ಪೆಟ್ಟಿಗೆ, ಇನ್ನೊಬ್ಬನಿಗೆ ಗ್ಯಾಲರಿ. ಅದು ತನಗೂ ಆಗಬಹುದಿತ್ತು ಎಂಬ ತಲ್ಲಣದಲ್ಲಿ ಬಾಸ್ಕಿಯಾ ಆ ಸಾವನ್ನು ಗೆಳೆಯನ ಸ್ಟುಡಿಯೋದ ಗೋಡೆಯ ಮೇಲೆ ಬಿಡಿಸಿದ. ಅಂಥವನಿಗೆ ಗ್ಯಾಲರಿಯೊಳಗೆ ಹೋಗಬೇಡ ಎನ್ನಲು ಯಾರಿಗೆ ಹಕ್ಕಿದೆ?

ಆದ್ದರಿಂದ ಹೋಗಬೇಕೋ ಬೇಡವೋ ಎಂಬುದು ಪ್ರಶ್ನೆಯಲ್ಲ. ಕರೆದೊಯ್ಯುವವರ ಹೊಣೆ ಎಲ್ಲಿಯವರೆಗೆ ಎಂಬುದು ಪ್ರಶ್ನೆ. ಅಟ್ಟ ಹತ್ತಿಸಿ ಏಣಿ ತೆಗೆಯುವವರನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ಮಧ್ಯಪ್ರದೇಶದ ಪಾಟನ್‌ಗಢದ ಗೊಂಡ ತರುಣ ಜನಗಢ ಸಿಂಗ್ ಶ್ಯಾಮ್ ಮನೆಯ ಗೋಡೆಗೆ ಬಿಡಿಸಿದ್ದ ಚಿತ್ರಗಳು 1980ರ ದಶಕದ ಆರಂಭದಲ್ಲಿ ಭೋಪಾಲದ ಭಾರತ ಭವನದವರ ಕಣ್ಣಿಗೆ ಬಿದ್ದವು. ಕಲಾವಿದ ಜೆ. ಸ್ವಾಮಿನಾಥನ್ ಅವರನ್ನು ಭೋಪಾಲಕ್ಕೆ ಕರೆಸಿಕೊಂಡರು, ಕೆಲಸ ಕೊಟ್ಟರು, ಸಂಸಾರ ನೆಲೆಯೂರಲು ನೆರವಾದರು. 1989ರಲ್ಲಿ ಪ್ಯಾರಿಸಿನ ದೊಡ್ಡ ಪ್ರದರ್ಶನದಲ್ಲಿ ಜನಗಢರ ಚಿತ್ರಗಳಿದ್ದವು. ಇದೇ ಜನಗಢ 2001ರಲ್ಲಿ ಜಪಾನಿನ ಒಂದು ವಸ್ತುಸಂಗ್ರಹಾಲಯದಲ್ಲಿ ಚಿತ್ರ ಬಿಡಿಸಲು ಹೋದವರು ಅಲ್ಲೇ ಒಂಟಿಯಾಗಿ ನೇಣಿಗೆ ಕೊರಳೊಡ್ಡಿದರು. ನಲವತ್ತರ ಆಸುಪಾಸಿನ ವಯಸ್ಸು. ಊರಿಗೆ ಮರಳಬೇಕೆಂದು ಮನೆಗೆ ಬರೆದಿದ್ದರೆಂದು ಆಗ ಪತ್ರಿಕೆಗಳು ವರದಿ ಮಾಡಿದವು. ಒಬ್ಬನೇ ಮನುಷ್ಯನ ಬದುಕಿನಲ್ಲಿ ಎರಡು ಬಗೆಯ ಕರೆದೊಯ್ಯುವಿಕೆ. ಮೊದಲನೆಯದು ಸಂಸಾರ ಸಮೇತ ಕರೆದು ನೆಲ ಕೊಟ್ಟಿತು. ಆ ನೆಲದಲ್ಲೇ ಅವರ ಬಂಧುಬಳಗದ ಭಜ್ಜು ಶ್ಯಾಮ್, ದುರ್ಗಾಬಾಯಿ ವ್ಯಾಮ್‌ರಂಥವರು ಬೆಳೆದು ಅವರ ಹೆಸರಿನ ಒಂದು ಶೈಲಿಯೇ ನಿಂತಿತು. ಎರಡನೆಯದಕ್ಕೆ ಬೇಕಾಗಿದ್ದುದು ಕೈ ಮಾತ್ರ, ಕೈಯ ಹಿಂದಿನ ಮನುಷ್ಯ ರಾತ್ರಿ ಯಾರೊಡನೆ ಮಾತಾಡುತ್ತಾನೆಂದು ಕೇಳುವವರಿರಲಿಲ್ಲ.

ಅಂಕೋಲೆಯ ಕಡೆ ಹೋಳಿಯ ಹೊತ್ತಿಗೆ ಸುಗ್ಗಿಯ ಕುಣಿತದ ಜತೆಗೆ ಹಗರಣ ಹೊರಡುತ್ತದೆ. ವೇಷ ಕಟ್ಟಿದವರು ಬೀದಿಯಲ್ಲಿ ಅಧಿಕಾರಿಯನ್ನೂ ಸಾಹುಕಾರನನ್ನೂ ಆ ವರ್ಷದ ಹೊಸ ಸುದ್ದಿಯನ್ನೂ ಅಣಕಿಸುತ್ತಾರೆ. ಒಳ್ಳೆಯ ವೇಷವನ್ನು ಊರು ವರ್ಷವಿಡೀ ನೆನೆಯುತ್ತದೆ, ಆದರೆ ವೇಷ ಹಾಕಿದವ ಮರುದಿನ ಗದ್ದೆಯಲ್ಲಿರುತ್ತಾನೆ. ಹೊಗಳಿಕೆಯನ್ನು ಇಡೀ ಕೇರಿ ಹಂಚಿಕೊಂಡು ಉಣ್ಣುವುದರಿಂದ ಒಬ್ಬನಿಗೇ ಅಜೀರ್ಣವಾಗುವುದಿಲ್ಲ. ಹಾಗೆಂದು ಹಳೆಯದೆಲ್ಲ ಸ್ವರ್ಗವೆಂದು ನಾವು ಹೇಳುತ್ತಿಲ್ಲ. ಆ ವೇಷಧಾರಿಗೆ ಕೂಲಿಯೂ ಅಷ್ಟಕ್ಕಷ್ಟೆ.

ಕರಾರುಪತ್ರಕ್ಕೆ ಮರಳೋಣ. ಪರಿಚಯದ ವಕೀಲರೊಬ್ಬರನ್ನು ಕೂರಿಸಿಕೊಂಡು ಓದಿದೆವು. ನಮ್ಮ ಕಣ್ಣಿಗೆ ಔದಾರ್ಯದಂತೆ ಕಂಡ 'ಸಂಬಳ' ಎಂಬ ಪದದ ಮೇಲೆಯೇ ಅವರು ಪೆನ್ಸಿಲ್ಲಿನಿಂದ ಸುತ್ತು ಹಾಕಿದರು. 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಮಿನಂತೆ, ನೌಕರಿಯ ಭಾಗವಾಗಿ ಮಾಡಿದ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಒಡೆಯ ನೌಕರಿ ಕೊಟ್ಟವನೇ. ಇನ್ನು 53ಎ ಕಲಮು ಹೇಳುವುದು ಇದು: ಒಂದು ಚಿತ್ರ 10 ಸಾವಿರ ರೂಪಾಯಿಗಿಂತ ಹೆಚ್ಚಿನ ಬೆಲೆಗೆ ಮರುಮಾರಾಟವಾದರೆ, ಅದರ ಹಕ್ಕಿಗೆ ಮೊದಲ ಒಡೆಯನಾಗಿದ್ದ ಕಲಾವಿದನಿಗೆ, ಅವನಿಲ್ಲದಿದ್ದರೆ ವಾರಸುದಾರರಿಗೆ, ಆ ಬೆಲೆಯಲ್ಲಿ ಶೇಕಡಾ 10ರ ಮಿತಿಯೊಳಗೆ ಪಾಲು ಸಲ್ಲಬೇಕು. 1994ರ ತಿದ್ದುಪಡಿಯಲ್ಲಿ ಬಂದ ಹಕ್ಕು ಇದು, ಬಳಕೆಯಲ್ಲಿ ಕಂಡದ್ದು ಅತಿ ವಿರಳ. ಸಂಬಳವೆಂದು ಒಪ್ಪಿ ಸಹಿ ಹಾಕಿದರೆ ಆ ಪಾಲಿನ ಬಾಗಿಲೂ ಮುಚ್ಚಿದಂತೆ. ಅದನ್ನೇ 'ಮುಂಗಡ' ಎಂದು ಬರೆದು, ಚಿತ್ರಗಳ ಹಕ್ಕು ಹುಡುಗನದೇ ಎಂದು ಸೇರಿಸಿದರೆ ತೆರೆದಿರುತ್ತದೆ. 19 ಸಾವಿರಕ್ಕೆ ಹೋದದ್ದು 11 ಕೋಟಿಗೆ ಬರುವ ಲೋಕದಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಹುಸೇನರ 'ಗ್ರಾಮ ಯಾತ್ರಾ' 2025ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ 1 ಕೋಟಿ 37 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು. 1954ರಲ್ಲಿ ಅದನ್ನು ಕೊಂಡು ನಾರ್ವೆಗೆ ಒಯ್ದಿದ್ದ ವೈದ್ಯರು ಮುಂದೆ ಓಸ್ಲೋ ಆಸ್ಪತ್ರೆಗೆ ಬಿಟ್ಟುಹೋಗಿದ್ದರಿಂದ ಹಣ ವೈದ್ಯರ ತರಬೇತಿಗೆ ಹೋಯಿತೆಂಬುದೇ ಸಮಾಧಾನ.

ತಾಯಿ ಎಣಿಸಿದ ಇಪ್ಪತ್ಮೂರರ ರಹಸ್ಯವೂ ಬಿಚ್ಚಿಕೊಂಡಿತು. ಹುಡುಗನ ಹೆಸರು, ಭಾವಚಿತ್ರ, ಹುಟ್ಟಿದ ಕೇರಿ, ಮನೆತನದ ಕಥೆ, ಇವೆಲ್ಲವನ್ನೂ ಪ್ರಚಾರಕ್ಕೆ ಬೇಕಾದಂತೆ ಬಳಸುವ ಅಧಿಕಾರ ಗ್ಯಾಲರಿಗೆ. ಅವನು ಐದು ವರ್ಷ ಬೇರೆಲ್ಲೂ, ಅನುಮತಿಯಿಲ್ಲದೆ, ಯಾವ ಗೋಡೆಯ ಮೇಲೂ ಬಿಡಿಸುವಂತಿಲ್ಲ. ಬೈತಖೋಲದ ಗೋಡೆಯ ಮೇಲೂ. ಅಲ್ಲಿಂದ ಬಂದನೆಂಬುದು ಮಾರಾಟಕ್ಕೆ ಬೇಕು, ಅಲ್ಲಿಗೆ ಹಿಂತಿರುಗುವುದು ಬೇಡ.

ಹುಡುಗನ ಮಾಮು ಒಬ್ಬರು ಜತೆಗಿದ್ದರು. ಜೀವಿಗಳ ಚಿತ್ರ ಬಿಡಿಸುವುದೇ ಸರಿಯೋ ಎಂಬ ಶಂಕೆ ಅವರದು. ಅದು ಆ ಮನೆಯವರು ತಮ್ಮ ಉಲೇಮಾಗಳ ಬಳಿ ಕೂತು ಬಗೆಹರಿಸಿಕೊಳ್ಳಬೇಕಾದ ಮಾತು ಎಂದೆವು. ಆದರೆ ಅದೇ ಮಾಮು, "ಕೂಲಿಯವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕು ಅಂತ ನಮ್ಮಲ್ಲಿದೆ. ಇಲ್ಲಿ ಐದು ವರ್ಷದ ಕೂಲಿ ಮೊದಲೇ ಕೊಟ್ಟು, ಮುಂದಿನ ಐವತ್ತು ವರ್ಷದ ಬೆವರು ಕೇಳಿದ ಹಾಗಿದೆಯಲ್ಲ" ಎಂದಾಗ ವಕೀಲರು ಕನ್ನಡಕ ತೆಗೆದು ಅವರನ್ನೇ ನೋಡಿದರು.

ಹುಡುಗನಿಗೆ ಹೋಗುವ ಆಸೆ ಇದೆ. ಅವನದನ್ನು ಮುಚ್ಚಿಡಲಿಲ್ಲ, ನಾವೂ ತಡೆಯಲಿಲ್ಲ. ಐದು ವರ್ಷವನ್ನು ಎರಡು ಮಾಡಿ, ಸಂಬಳವನ್ನು ಮುಂಗಡ ಮಾಡಿ, ಮರುಮಾರಾಟದ ಪಾಲು ಸೇರಿಸಿ, ಮೀನುಗಾರಿಕೆ ನಿಷೇಧದ ಎರಡು ತಿಂಗಳು ಊರಿಗೆ ಬರುವ, ಬೇಕಾದ ಗೋಡೆಯ ಮೇಲೆ ಬಿಡಿಸುವ ಹಕ್ಕನ್ನೂ ಬರೆದು ಗ್ಯಾಲರಿಗೆ ಮರಳಿ ಕಳಿಸಿದ್ದಾಗಿದೆ. ಒಪ್ಪದಿದ್ದರೆ ಅವಕಾಶ ಕೈತಪ್ಪುತ್ತದೆ. ಹಾಗಾದರೆ ಆ ನಷ್ಟಕ್ಕೆ ನಾವೂ ಹೊಣೆ ಎಂಬುದನ್ನು ಮರೆಮಾಚುವುದಿಲ್ಲ. ಸಲಹೆ ಕೊಟ್ಟವರೂ ಏರಿಸುವವರ, ಇಲ್ಲವೇ ಏರಗೊಡದವರ ಸಾಲಿನಲ್ಲೇ ನಿಲ್ಲುತ್ತಾರಲ್ಲವೇ?

ಉತ್ತರ ಇನ್ನೂ ಬಂದಿಲ್ಲ. ಜುಲೈ ಕೊನೆಯ ಶುಕ್ರವಾರ ನಮಾಜಿನ ನಂತರ ಬರುವುದಾಗಿ ಹೇಳಿದ್ದ ತಾಯಿ ಒಬ್ಬರೇ ಬಂದರು. ಮಗನೆಲ್ಲಿ ಎಂದು ಕೇಳಿದೆವು. ಎರಡು ದೋಣಿಗಳಿಗೆ ಹೆಸರು ಬರೆಯುವುದು ಬಾಕಿಯಿದೆ, ಒಂದನೇ ತಾರೀಕಿಗೆ ಅವು ಕಡಲಿಗಿಳಿಯಬೇಕು, ಮಳೆ ಬಿಡುವು ಕೊಟ್ಟಾಗಲೇ ಬಣ್ಣ ಆರಬೇಕು ಎಂದರು.